ಕಾಲಿನ ಧಮನಿಗಳ ಎರಡು ಚಿತ್ರಗಳು

"ಮಂಡಿ ಮ್ಯಾಲೋ, ಕೆಳಗೋ ಬುದ್ದಿ? ಅಷ್ಟು ಹೇಳ್ಬುಡಿ."

ಕೆಲವು ವರ್ಷಗಳ ಹಿಂದೆ ಮಂಡ್ಯದ ಕಡೆಯ ರೈತರೊಬ್ಬರು ನನ್ನನ್ನು ಕೇಳಿದ ಪ್ರಶ್ನೆ ಇದು. ಅರವತ್ತು ದಾಟಿದ ವಯಸ್ಸು. ಹದಿನೈದು ವರ್ಷಗಳ ಸಕ್ಕರೆ ಕಾಯಿಲೆ. ಬೀಡಿಯ ಸಹವಾಸ ಅದಕ್ಕಿಂತಲೂ ಹಳೆಯದು. ಎಡಗಾಲಿನ ಹೆಬ್ಬೆರಳು ಒಣಗಿದ ಖರ್ಜೂರದಂತೆ ಕಪ್ಪಾಗಿತ್ತು. ರಾತ್ರಿ ಮಲಗಿದರೆ ಪಾದದಲ್ಲಿ ಉರಿ. ಎದ್ದು ಕುಳಿತು ಕಾಲನ್ನು ಮಂಚದಿಂದ ಕೆಳಕ್ಕೆ ಇಳಿಬಿಟ್ಟರೆ ತುಸು ಹಿತ. ಹೀಗೆ ಕುಳಿತೇ ಅವರು ಎರಡು ತಿಂಗಳು ಬೆಳಗು ಮಾಡಿದ್ದರು. ಕಾಲನ್ನು ತೆಗೆಯಬೇಕಾದೀತೆಂದು ಅವರಿಗೆ ಆಗಲೇ ಯಾರೋ ಹೇಳಿದ್ದರು. ಅದನ್ನು ಅವರು ಒಪ್ಪಿಕೊಂಡೂ ಬಿಟ್ಟಿದ್ದರು. ಉಳಿದಿದ್ದ ಸಂದೇಹ ಎಲ್ಲಿಂದ ಕತ್ತರಿಸುತ್ತಾರೆ ಎಂಬುದೊಂದೇ. ಮಂಡಿ ಉಳಿದರೆ ಕೃತಕ ಕಾಲು ಕಟ್ಟಿಕೊಂಡು ಗದ್ದೆಯ ಬದುವಿನವರೆಗಾದರೂ ನಡೆಯಬಹುದು; ಉಳಿಯದಿದ್ದರೆ ಜಗಲಿಯೇ ಗತಿ. ಈ ಲೆಕ್ಕವನ್ನು ಯಾವ ವೈದ್ಯನೂ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

ಇಂಥ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಕಾಲಿನ ಒಳಗೆ ರಕ್ತದ ದಾರಿ ಎಲ್ಲಿಯವರೆಗೆ ತೆರೆದಿದೆ, ಎಲ್ಲಿ ಮುಚ್ಚಿದೆ, ಮುಚ್ಚಿದ ಜಾಗದ ಆಚೆಗೆ ಮತ್ತೆ ತೆರೆದಿದೆಯೇ ಎಂಬುದನ್ನು ವೈದ್ಯನು ಕಣ್ಣಾರೆ ಕಾಣಬೇಕು. ಕಾಣುವುದಕ್ಕೆ ಇಂದು ಹಲವು ಉಪಾಯಗಳುಂಟು. ಅವುಗಳಲ್ಲಿ ಎರಡನ್ನು ಮಾತ್ರ ಈ ಹೊತ್ತು ಎತ್ತಿಕೊಂಡಿದ್ದೇನೆ. ಒಂದು, ನಾಳದೊಳಕ್ಕೆ ಔಷಧಿ ಹಾಯಿಸಿ ಕ್ಷ-ಕಿರಣದಿಂದ ತೆಗೆಯುವ ಹಳೆಯ ಆಂಜಿಯೋಗ್ರಾಂ. ಇನ್ನೊಂದು, ಅಯಸ್ಕಾಂತ ಮತ್ತು ರೇಡಿಯೋ ತರಂಗಗಳಿಂದ ತೆಗೆಯುವ ಎಂ.ಆರ್. ಚಿತ್ರ.

ಮೊದಲು ಕಾಲಿನ ಧಮನಿಗಳ ವಿಚಾರ. ಮಂಡ್ಯದವರಿಗೆ ನಾನು ಹೇಳುವುದು ನಾಲೆಯ ಭಾಷೆಯಲ್ಲಿಯೇ. ಹೃದಯದಿಂದ ಹೊರಟ ಮಹಾಧಮನಿ ಹೊಕ್ಕುಳಿನ ಮಟ್ಟಕ್ಕೆ ಬಂದು ಇಬ್ಭಾಗವಾಗುತ್ತದೆ. ಒಂದೊಂದು ಕಾಲಿಗೆ ಒಂದೊಂದು ದೊಡ್ಡ ನಾಲೆ. ತೊಡೆಸಂದಿನಲ್ಲಿ ಬೆರಳಿಟ್ಟರೆ ಅದರ ಬಡಿತ ತಿಳಿಯುತ್ತದೆ. ತೊಡೆಯುದ್ದಕ್ಕೂ ಇಳಿದು, ಮಂಡಿಯ ಹಿಂಭಾಗವನ್ನು ಹಾದು, ಅದರ ಕೆಳಗೆ ಮೂರು ಕವಲಾಗುತ್ತದೆ. ಪಾದಕ್ಕೆ ನೀರುಣಿಸುವುದು ಈ ಮೂರು ಕವಲುಗಳು. ಮೇಲೆ ತೂಬು ಕೆಟ್ಟರೆ ಮೊದಲು ಒಣಗುವುದು ನಾಲೆಯ ಕೊನೆಯಂಚಿನ ಗದ್ದೆ ಎಂಬುದನ್ನು ವಿಶ್ವೇಶ್ವರಯ್ಯ ನಾಲೆಯ ರೈತರಿಗೆ ಯಾರೂ ವಿವರಿಸಬೇಕಾಗಿಲ್ಲ. ದೇಹದ ಕೊನೆಯಂಚಿನ ಗದ್ದೆ ಕಾಲಿನ ಬೆರಳು.

ನಾಳದ ಗೋಡೆಗೆ ಜಿಡ್ಡು ಹತ್ತಿ ದಾರಿ ಕಿರಿದಾದಾಗ ಮೊದಲು ತೋರುವ ಲಕ್ಷಣ ನಡಿಗೆಯ ನೋವು. ನೂರು ಗಜ ನಡೆದರೆ ಮೀನಖಂಡ ಹಿಡಿಯುತ್ತದೆ, ನಿಂತರೆ ಬಿಡುತ್ತದೆ, ಮತ್ತೆ ನೂರು ಗಜ. ತಮಾಷೆಯೆಂದರೆ ವೈದ್ಯಶಾಸ್ತ್ರ ಇದನ್ನು ಮೊದಲು ಗುರುತಿಸಿದ್ದು ಕುದುರೆಯಲ್ಲಿ. 1831ರಲ್ಲಿ ಬೂಲೇ ಎಂಬ ಫ್ರೆಂಚ್ ಪಶುವೈದ್ಯ ಗಾಡಿಯ ಕುದುರೆಯೊಂದು ಓಡುತ್ತಾ ಓಡುತ್ತಾ ಕುಂಟುವುದನ್ನೂ, ನಿಂತರೆ ಸರಿಹೋಗುವುದನ್ನೂ ಕಂಡು, ಅದರ ಕಾಲಿನ ಧಮನಿ ಮುಚ್ಚಿರುವುದನ್ನು ತೋರಿಸಿದ. ಮನುಷ್ಯನಲ್ಲಿಯೂ ಹೀಗೇ ಆಗುತ್ತದೆಂದು ಶಾರ್ಕೋ ಎಂಬ ಪ್ಯಾರಿಸ್ಸಿನ ವೈದ್ಯ ಬರೆದದ್ದು 1858ರಲ್ಲಿ. ನಮ್ಮಲ್ಲಿ ಈಗಲೂ ಈ ನೋವನ್ನು ವಾಯುವೆಂದೋ ವಯಸ್ಸೆಂದೋ ತಳ್ಳಿಹಾಕಿ ಎಣ್ಣೆ ತಿಕ್ಕುವವರೇ ಹೆಚ್ಚು.

ಇನ್ನು ಚಿತ್ರ. ರಾಂಟ್ಜೆನ್ ಕ್ಷ-ಕಿರಣವನ್ನು ಕಂಡದ್ದು 1895ರ ನವೆಂಬರಿನಲ್ಲಿ. ಎರಡೇ ತಿಂಗಳಲ್ಲಿ, 1896ರ ಜನವರಿಯಲ್ಲಿ, ವಿಯೆನ್ನಾದ ಇಬ್ಬರು ಒಂದು ಹೆಣದ ಕೈಯೊಳಗೆ ಸುಣ್ಣ, ಪಾದರಸದ ಒಂದು ಲವಣ ಮತ್ತು ಪೆಟ್ರೋಲಿಯಂ ಸೇರಿದ ಮಿಶ್ರಣವನ್ನು ತುಂಬಿ ನಾಳಗಳ ಚಿತ್ರ ತೆಗೆದರು. ಚಿತ್ರವೇನೋ ಸೊಗಸಾಗಿ ಬಂತು; ಆದರೆ ಬದುಕಿರುವವರಿಗೆ ಅದನ್ನು ಕೊಡುವಂತಿರಲಿಲ್ಲ. ಬದುಕಿರುವವರ ಕಾಲಿಗೆ ಆ ಕೆಲಸವನ್ನು ಮೊದಲು ಮಾಡಿದವರಲ್ಲಿ ಒಬ್ಬ ಅಮೆರಿಕದ ಬಾರ್ನಿ ಬ್ರೂಕ್ಸ್. 1924ರಲ್ಲಿ ಅಯೋಡಿನ್ನಿನ ಲವಣವನ್ನು ತೊಡೆಯ ಧಮನಿಗೆ ಚುಚ್ಚಿ ಚಿತ್ರ ತೆಗೆದ. ಅಯೋಡಿನ್ ಕ್ಷ-ಕಿರಣವನ್ನು ತಡೆಯುತ್ತದೆ. ಆದುದರಿಂದ ಅದು ಹರಿದ ದಾರಿಯೆಲ್ಲ ಚಿತ್ರದಲ್ಲಿ ಮೂಡುತ್ತದೆ. 1929ರಲ್ಲಿ ಲಿಸ್ಬನ್ನಿನ ಡಾಸ್ ಸಾಂತೋಸ್ ಬೆನ್ನಿನ ಕಡೆಯಿಂದ ಉದ್ದನೆಯ ಸೂಜಿಯನ್ನು ನೇರವಾಗಿ ಮಹಾಧಮನಿಗೇ ತೂರಿಸಿದ. ಓದಿದರೆ ಇಂದು ನಮಗೇ ಮೈ ಜುಮ್ಮೆನ್ನುತ್ತದೆ.

ಈ ಕೆಲಸವನ್ನು ನಿತ್ಯದ ಕೆಲಸವನ್ನಾಗಿ ಮಾಡಿದವನು ಸ್ವೀಡನ್ನಿನ ಸೆಲ್ಡಿಂಗರ್. 1953ರಲ್ಲಿ ಅವನು ಪ್ರಕಟಿಸಿದ ಉಪಾಯ ಇಷ್ಟೇ: ಧಮನಿಗೆ ಟೊಳ್ಳು ಸೂಜಿಯನ್ನು ಚುಚ್ಚುವುದು, ಸೂಜಿಯೊಳಗಿಂದ ಮೃದುವಾದ ತಂತಿಯೊಂದನ್ನು ಹಾಯಿಸುವುದು, ಸೂಜಿಯನ್ನು ಕಿತ್ತು ತಂತಿಯ ಮೇಲೆ ಸಣ್ಣ ಕೊಳವೆಯನ್ನು ಜಾರಿಸುವುದು, ಕೊನೆಗೆ ತಂತಿಯನ್ನು ಎಳೆದುಕೊಳ್ಳುವುದು. ಡಾಕ್ಟರ್ ಪದವಿಯ ಪ್ರಬಂಧಕ್ಕೆ ಇಷ್ಟು ಸರಳವಾದ ವಿಷಯ ಸಾಲದೆಂದು ಅವನ ಮೇಲಿನವರು ಹೇಳಿದರಂತೆ! ಜಗತ್ತಿನ ಸಾವಿರಾರು ಆಸ್ಪತ್ರೆಗಳಲ್ಲಿ ಇವೊತ್ತಿಗೂ ದಿನ ಬೆಳಗಾದರೆ ನಡೆಯುವುದು ಅದೇ ಸರಳ ವಿಷಯ.

ರೋಗಿಯ ಪಾಲಿಗೆ ಹಳೆಯ ಆಂಜಿಯೋಗ್ರಾಂ ಎಂದರೆ ಹೀಗೆ. ತೊಡೆಸಂದಿಗೆ ಮರಗಟ್ಟುವ ಚುಚ್ಚುಮದ್ದು, ಆಮೇಲೆ ಕೊಳವೆ, ಔಷಧಿ ಹರಿದಾಗ ಕಾಲಿಗೆಲ್ಲ ಬಿಸಿನೀರು ಸುರಿದ ಹಾಗೆ ಒಂದು ಅನುಭವ, ಮುಗಿದ ಮೇಲೆ ಚುಚ್ಚಿದ ಜಾಗವನ್ನು ಒತ್ತಿಹಿಡಿದು, ಕಾಲು ಮಡಿಸದೆ ಕೆಲವು ಗಂಟೆ ಅಂಗಾತ ಮಲಗುವುದು. ಕೆಲವರಿಗೆ ಅಲ್ಲಿ ರಕ್ತ ಒಸರಿ ಗಡ್ಡೆಯಾಗುವುದುಂಟು. ಅಯೋಡಿನ್ ಔಷಧಿ ಒಗ್ಗದಿರುವವರುಂಟು. ಎಲ್ಲಕ್ಕಿಂತ ಮುಖ್ಯವಾಗಿ, ಮೂತ್ರಪಿಂಡ ಮೊದಲೇ ಸೊರಗಿದವರಿಗೆ ಆ ಔಷಧಿ ಮತ್ತಷ್ಟು ಪೆಟ್ಟು ಕೊಡಬಹುದು. ಸಕ್ಕರೆ ಕಾಯಿಲೆಯವರಲ್ಲಿ ಕಾಲು ಕೆಡುವುದೂ ಮೂತ್ರಪಿಂಡ ಕೆಡುವುದೂ ಜೊತೆಜೊತೆಯಾಗಿ ನಡೆಯುವುದರಿಂದ ಈ ತೊಡಕು ನಮಗೆ ವಾರಕ್ಕೊಮ್ಮೆಯಾದರೂ ಎದುರಾಗುತ್ತದೆ.

ಹಾಗಾದರೆ ಅದನ್ನು ಬಿಟ್ಟುಬಿಡಬಾರದೇಕೆ? ಬಿಡಲಾಗದು, ಅದಕ್ಕೆ ಕಾರಣವಿದೆ. ಅದು ಬರಿಯ ಚಿತ್ರವಲ್ಲ, ಬಾಗಿಲು. 1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲೆಂಡ್ ಎಂಬ ಊರಿನಲ್ಲಿ ಚಾರ್ಲ್ಸ್ ಡಾಟರ್ ಎಂಬ ವೈದ್ಯನ ಬಳಿಗೆ 82 ವರ್ಷದ ಅಜ್ಜಿಯೊಬ್ಬರನ್ನು ಕರೆತಂದರು. ಬೆರಳುಗಳು ಕೊಳೆತಿದ್ದವು. ಕಾಲು ತೆಗೆಯಬೇಕೆಂದು ಶಸ್ತ್ರವೈದ್ಯರು ಹೇಳಿದರೆ ಆಕೆ ಸುತರಾಂ ಒಪ್ಪಲಿಲ್ಲ. ಡಾಟರ್ ಚಿತ್ರ ತೆಗೆಯುವ ದಾರಿಯಲ್ಲಿಯೇ ತಂತಿಯನ್ನೂ ಅದರ ಮೇಲೆ ಒಂದಕ್ಕಿಂತ ಒಂದು ದಪ್ಪನೆಯ ಕೊಳವೆಗಳನ್ನೂ ತೂರಿಸಿ ತೊಡೆಯ ಧಮನಿಯ ಕಿರಿದಾದ ಭಾಗವನ್ನು ಹಿಗ್ಗಿಸಿದ. ಪಾದ ಬೆಚ್ಚಗಾಯಿತು, ಹುಣ್ಣು ಮಾಯಿತು, ಆ ಅಜ್ಜಿ ಎರಡು ವರ್ಷಕ್ಕೂ ಮಿಕ್ಕಿ, ಸಾಯುವ ತನಕ ತನ್ನ ಕಾಲುಗಳ ಮೇಲೆಯೇ ನಡೆದಾಡಿದಳು. ಹತ್ತು ವರ್ಷದ ನಂತರ, 1974ರಲ್ಲಿ, ಜೂರಿಕ್ಕಿನ ಗ್ರುಂಟ್ಸಿಗ್ ಕೊಳವೆಯ ತುದಿಗೆ ಬಲೂನು ಕಟ್ಟಿದ. ಹೃದಯದ ಬಲೂನು ಚಿಕಿತ್ಸೆಯ ಹೆಸರನ್ನು ಇಂದು ಎಲ್ಲರೂ ಬಲ್ಲರು; ಅದರ ಹುಟ್ಟು ಕಾಲಿನಲ್ಲಿ ಎಂಬುದು ಅಷ್ಟಾಗಿ ತಿಳಿಯದು.

ಈಗ ಎರಡನೆಯ ಚಿತ್ರಕ್ಕೆ ಬರುತ್ತೇನೆ. ಇದನ್ನು ವಿವರಿಸಲು ರೇಡಿಯೋಗಿಂತ ಉತ್ತಮವಾದ ಸ್ಥಳವಿಲ್ಲ. ತಾವು ಪೆಟ್ಟಿಗೆಯ ಗುಂಡಿಯನ್ನು ತಿರುಗಿಸಿ ಒಂದು ಸಂಖ್ಯೆಗೆ ತಂದಾಗ ಮಾತ್ರ ಈ ಮಾತು ಕೇಳುತ್ತದೆ. ಸಂಖ್ಯೆ ತುಸು ಸರಿದರೆ ಬರಿಯ ಗೊರಗೊರ. ನಮ್ಮ ಮೈಯ ನೀರಿನಲ್ಲಿ, ಕೊಬ್ಬಿನಲ್ಲಿ ಎಲ್ಲೆಲ್ಲಿಯೂ ಇರುವ ಜಲಜನಕದ ಪರಮಾಣು ಬೀಜವೂ ಇಂಥದೇ ಒಂದು ಪುಟ್ಟ ಪೆಟ್ಟಿಗೆ. ಬಲವಾದ ಅಯಸ್ಕಾಂತದೊಳಗಿಟ್ಟರೆ ಅದು ಒಂದು ನಿಶ್ಚಿತ ಸಂಖ್ಯೆಯ ರೇಡಿಯೋ ತರಂಗಕ್ಕೆ ಮಾತ್ರ ಓಗೊಡುತ್ತದೆ. ಓಗೊಟ್ಟು ತಾನೂ ಸಣ್ಣ ದನಿಯೊಂದನ್ನು ಹೊರಡಿಸುತ್ತದೆ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ 1.5 ಟೆಸ್ಲಾ ಶಕ್ತಿಯ ಯಂತ್ರದಲ್ಲಿ ಆ ಸಂಖ್ಯೆ ಸುಮಾರು 64 ಮೆಗಾಹರ್ಟ್ಸ್. ಎಫ್.ಎಂ. ಕಾರ್ಯಕ್ರಮಗಳು 88ರಿಂದ 108ರವರೆಗೆ, ಹತ್ತಿರದ ನೆಂಟರೇ. ಹೊರಗಿನ ಪ್ರಸಾರ ಒಳಗಿನ ದನಿಯನ್ನು ಕೆಡಿಸದಿರಲೆಂದು ಆ ಯಂತ್ರದ ಕೋಣೆಯ ಗೋಡೆಗೆಲ್ಲ ತಾಮ್ರದ ತಗಡು ಹೊದಿಸಿರುತ್ತಾರೆ. ಈ ಅನುರಣನವನ್ನು 1946ರಲ್ಲಿ ಬ್ಲಾಕ್ ಮತ್ತು ಪರ್ಸೆಲ್ ಬೇರೆ ಬೇರೆಯಾಗಿ ಕಂಡರು. ಅದರಿಂದ ಚಿತ್ರ ಬರೆಯಬಹುದೆಂದು 1973ರಲ್ಲಿ ಲಾಟರ್‌ಬರ್ ತೋರಿಸಿದ. ಅವನಿಗೂ ಇಂಗ್ಲೆಂಡಿನ ಮ್ಯಾನ್ಸ್‌ಫೀಲ್ಡಿಗೂ 2003ರಲ್ಲಿ ನೊಬೆಲ್ ಬಹುಮಾನ ಬಂತು.

ರಕ್ತನಾಳವನ್ನು ಮಾತ್ರ ಆರಿಸಿ ತೋರಿಸುವುದು ಹೇಗೆ? ಇಲ್ಲಿಯ ಜಾಣ್ಮೆ ನನಗೆ ಬಹಳ ಹಿಡಿಸುತ್ತದೆ. ಕಾಲಿನ ಒಂದು ತೆಳುವಾದ ಅಡ್ಡ ಪದರಕ್ಕೆ ಮತ್ತೆ ಮತ್ತೆ ರೇಡಿಯೋ ಪೆಟ್ಟು ಕೊಟ್ಟರೆ ಅಲ್ಲಿ ನೆಲಸಿರುವ ಮಾಂಸ ಕೊಬ್ಬುಗಳೆಲ್ಲ ದಣಿದು ಮಂಕಾಗುತ್ತವೆ. ಆದರೆ ಮೇಲಿನಿಂದ ಆ ಪದರದೊಳಕ್ಕೆ ಆಗತಾನೆ ಹರಿದು ಬಂದ ರಕ್ತ ಪೆಟ್ಟು ತಿಂದಿಲ್ಲ, ದಣಿದಿಲ್ಲ; ಅದು ಬೆಳ್ಳಗೆ ಹೊಳೆಯುತ್ತದೆ. ಸೂಜಿಯಿಲ್ಲ, ಔಷಧಿಯಿಲ್ಲ, ಹರಿವೇ ಬೆಳಕು. ಪದರ ಪದರವಾಗಿ ತೆಗೆದು ಜೋಡಿಸಿದರೆ ಇಡೀ ನಾಳ ಮೂಡುತ್ತದೆ.

ಇಲ್ಲಿಯೇ ಹಳೆಯ ಚಿತ್ರದ ಒಂದು ದೌರ್ಬಲ್ಯ ಬಯಲಾದದ್ದು. ಹಳೆಯ ಪದ್ಧತಿಯಲ್ಲಿ ನಾಳ ಕಾಣಬೇಕಾದರೆ ಮೇಲೆ ಬಿಟ್ಟ ಔಷಧಿ ಅಲ್ಲಿಯವರೆಗೆ ತಲಪಬೇಕು. ನಡುವೆ ಉದ್ದನೆಯ ಅಡ್ಡಿಯಿದ್ದರೆ ಔಷಧಿ ಸಣ್ಣಪುಟ್ಟ ಕಾಲುದಾರಿಗಳಲ್ಲಿ ಸುತ್ತಿ ಬಳಸಿ, ತೆಳುವಾಗಿ, ತಡವಾಗಿ ಕೆಳಕ್ಕಿಳಿಯುತ್ತದೆ. ಅಷ್ಟರಲ್ಲಿ ಚಿತ್ರ ತೆಗೆದು ಮುಗಿದಿರುತ್ತದೆ. ಪಾದದ ನಾಳ ತೆರೆದಿದ್ದರೂ ಚಿತ್ರದಲ್ಲಿ ಇಲ್ಲ! 1992ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ವೈದ್ಯರು ಒಂದೇ ರೋಗಿಗಳಿಗೆ ಎರಡೂ ಚಿತ್ರ ತೆಗೆದು ಹೋಲಿಸಿದಾಗ, ಆಂಜಿಯೋಗ್ರಾಂ ಕಾಣಿಸದಿದ್ದ ಕೆಳಗಾಲಿನ ನಾಳಗಳನ್ನು ಎಂ.ಆರ್. ಕಾಣಿಸಿತು, ಕೆಲವು ರೋಗಿಗಳ ಶಸ್ತ್ರಚಿಕಿತ್ಸೆಯ ಯೋಜನೆಯೇ ಬದಲಾಯಿತು. ಆಗ ಒಂದು ಸ್ವಾರಸ್ಯವಾದ ಪ್ರಶ್ನೆ ಎದ್ದಿತು. ಅಲ್ಲಿಯವರೆಗೆ ಎಲ್ಲ ಹೊಸ ಪದ್ಧತಿಗಳನ್ನೂ ಅಳೆಯುತ್ತಿದ್ದ ಕೋಲು ಆಂಜಿಯೋಗ್ರಾಂ. ಅದರಲ್ಲಿಲ್ಲದ ನಾಳವನ್ನು ಹೊಸ ಚಿತ್ರ ತೋರಿಸಿದರೆ ಲೆಕ್ಕದ ಪ್ರಕಾರ ಅದು ಹೊಸ ಚಿತ್ರದ ತಪ್ಪು. ಅಳೆಯುವ ಕೋಲೇ ಗಿಡ್ಡವಾಗಿದ್ದರೆ? ಚರ್ಮ ಬಿಡಿಸಿ ನೋಡಿದ ಶಸ್ತ್ರವೈದ್ಯನೇ ಇದಕ್ಕೆ ಸಾಕ್ಷಿ ಹೇಳಬೇಕು.

ನ್ಯಾಯಕ್ಕಾಗಿ ಇನ್ನೊಂದು ಮಾತು. ಈಗಿನ ಆಂಜಿಯೋಗ್ರಾಂ ಅಂದಿನದಲ್ಲ. ಮೂಳೆಯ ನೆರಳನ್ನು ಗಣಕಯಂತ್ರ ಕಳೆದುಬಿಡುತ್ತದೆ; ಕೊಳವೆಯನ್ನು ಮಂಡಿಯವರೆಗೂ ಇಳಿಸಿ ಔಷಧಿ ಬಿಟ್ಟು, ತಾಳ್ಮೆಯಿಂದ ಕಾದು ಚಿತ್ರ ತೆಗೆದರೆ ಅದೂ ಸಣ್ಣ ನಾಳಗಳನ್ನು ಚೆನ್ನಾಗಿ ತೋರಿಸುತ್ತದೆ. ಎಂ.ಆರ್. ಚಿತ್ರವೂ ಬದಲಾಗಿದೆ. 1990ರ ದಶಕದಲ್ಲಿ ಮಾರ್ಟಿನ್ ಪ್ರಿನ್ಸ್ ಮೊದಲಾದವರು ಗ್ಯಾಡೋಲಿನಿಯಂ ಎಂಬ ಲೋಹದ ಔಷಧಿಯನ್ನು ಕೈಯ ಸಿರೆಯಲ್ಲಿ ಕೊಟ್ಟು, ಅದು ಧಮನಿಯಲ್ಲಿ ಹರಿಯುವ ಕೆಲವೇ ಸೆಕೆಂಡುಗಳಲ್ಲಿ ಚಿತ್ರ ಹಿಡಿಯುವುದನ್ನು ಕಲಿಸಿದರು. ಮೇಜು ಸರಿಯುತ್ತ ಹೋಗುತ್ತದೆ. ಯಂತ್ರ ಹೊಟ್ಟೆಯಿಂದ ಪಾದದವರೆಗೆ ಔಷಧಿಯ ಬೆನ್ನಟ್ಟುತ್ತದೆ. 2007ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ತೂಗಿದ ವಿಮರ್ಶೆಯೊಂದು ಬಂತು. ಅರ್ಧಕ್ಕಿಂತ ಹೆಚ್ಚು ಕಿರಿದಾದ ನಾಳವನ್ನು ಈ ಪದ್ಧತಿ ನೂರಕ್ಕೆ 95ರಷ್ಟು ಸಲ ಹಿಡಿಯುತ್ತದೆ. ಸರಿಯಿರುವ ನಾಳವನ್ನು ನೂರಕ್ಕೆ 97ರಷ್ಟು ಸಲ ಸರಿಯೆನ್ನುತ್ತದೆ. ಸಕ್ಕರೆ ಕಾಯಿಲೆಯವರ ನಾಳದ ಗೋಡೆಯಲ್ಲಿ ಗಟ್ಟಿಯಾಗಿ ಕೂತ ಸುಣ್ಣ ಸಿ.ಟಿ. ಚಿತ್ರದಲ್ಲಿ ಕಣ್ಣು ಕುಕ್ಕಿ ಒಳದಾರಿಯನ್ನು ಮರೆಸುತ್ತದೆ, ಎಂ.ಆರ್.ಗೆ ಆ ತೊಂದರೆಯಿಲ್ಲ.

ಇಷ್ಟು ಕೇಳಿದ ಮೇಲೆ ಎಲ್ಲರೂ ಎಂ.ಆರ್. ಮಾಡಿಸಿಕೊಳ್ಳಬಹುದಲ್ಲ ಎನಿಸೀತು. ಸ್ವಲ್ಪ ತಡೆಯಿರಿ. ಹೃದಯಕ್ಕೆ ಹಳೆಯ ಮಾದರಿಯ ಪೇಸ್‌ಮೇಕರ್ ಇಟ್ಟವರು ಆ ಯಂತ್ರದ ಹತ್ತಿರ ಹೋಗುವಂತಿಲ್ಲ. ಕಿರಿದಾದ ಸುರಂಗದಲ್ಲಿ, ತಮಟೆ ಬಡಿದಂಥ ಸದ್ದಿನಲ್ಲಿ, ಅಲುಗದೆ ಅರ್ಧ ಗಂಟೆ ಮಲಗುವುದು ಎಲ್ಲರಿಗೂ ಆಗದು. ರಾತ್ರಿಯೆಲ್ಲ ಕಾಲು ಇಳಿಬಿಟ್ಟು ಕುಳಿತವರಿಗಂತೂ ಅದು ಶಿಕ್ಷೆಯೇ. ಔಷಧಿಯಿಲ್ಲದ ಪದ್ಧತಿಯಲ್ಲಿ ರಕ್ತ ಸುಳಿಸುಳಿಯಾಗಿ ಹರಿಯುವ ಕಡೆ ಬೆಳಕು ಆರಿ, ಬರಿಯ ಕಿರಿದಾದ ನಾಳ ಪೂರ್ತಿ ಮುಚ್ಚಿದಂತೆ ತೋರುತ್ತದೆ. ಪಾದಕ್ಕೆ ಕೀವು ತುಂಬಿದ್ದರೆ ಔಷಧಿ ಬೇಗ ಸಿರೆಗೆ ಮರಳಿ, ಧಮನಿ ಯಾವುದು ಸಿರೆ ಯಾವುದು ತಿಳಿಯದಂತಾಗುತ್ತದೆ.

ಗ್ಯಾಡೋಲಿನಿಯಂ ಕಥೆಯಂತೂ ನಮಗೆಲ್ಲ ತಲೆ ತಗ್ಗಿಸುವಂಥ ಪಾಠ. ಅಯೋಡಿನ್ ಮೂತ್ರಪಿಂಡಕ್ಕೆ ಕೆಟ್ಟದ್ದೆಂದು, ಮೂತ್ರಪಿಂಡ ಸೋತವರನ್ನೇ ಆರಿಸಿ ಆರಿಸಿ ನಾವು ಎಂ.ಆರ್.ಗೆ ಕಳಿಸುತ್ತಿದ್ದೆವು. 2006ರಲ್ಲಿ ಆಸ್ಟ್ರಿಯಾದಿಂದ ಸುದ್ದಿ ಬಂತು: ಅಂಥವರಲ್ಲಿಯೇ ಕೆಲವರಿಗೆ ಆ ಔಷಧಿಯ ನಂತರ ಚರ್ಮ ಹಲಗೆಯಂತೆ ಗಟ್ಟಿಯಾಗಿ ಕೀಲುಗಳು ಬಿಗಿದುಕೊಳ್ಳುತ್ತಿದ್ದವು. ಆಮೇಲೆ ಲೋಹವನ್ನು ಬಿಗಿಯಾಗಿ ಹಿಡಿದಿಡುವ ಔಷಧಿಗಳು ಬಳಕೆಗೆ ಬಂದವು, ನಾವೂ ಎಚ್ಚರವಾದೆವು. ಈಗ ಆ ತೊಂದರೆ ಬಹಳ ಅಪರೂಪ. ಔಷಧಿಯಿಲ್ಲದ ಹಳೆಯ ಉಪಾಯಗಳಿಗೂ ಮತ್ತೆ ಬೆಲೆ ಬಂತು.

ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ನಿವೃತ್ತ ಉಪಾಧ್ಯಾಯಿನಿಯೊಬ್ಬರು ಬಲಮೀನಖಂಡದ ನೋವೆಂದು ಬಂದಿದ್ದರು. ಆ ದಿನ ರೋಗಿಗಳ ನೂಕುನುಗ್ಗಲು, ಎಂ.ಆರ್. ಚಿತ್ರವನ್ನು ಅವರು ಬೇರೆ ಕಡೆ ಮಾಡಿಸಿಯೇ ತಂದಿದ್ದರು. ತೊಡೆಯ ಧಮನಿ ನಾಲ್ಕು ಬೆರಳಿನಷ್ಟು ಉದ್ದಕ್ಕೆ ಕಾಣೆಯಾಗಿತ್ತು. "ಅಮ್ಮಾ, ನಾಳ ಮುಚ್ಚಿದೆ, ಸೇರಿಕೊಳ್ಳಿ" ಎಂದೆ. ಆಕೆ, "ಆ ಜಾಗದಲ್ಲೇ ಅಲ್ಲವೇ ಡಾಕ್ಟ್ರೇ, ಮೂರು ವರ್ಷದ ಕೆಳಗೆ ಸ್ಟೆಂಟ್ ಹಾಕಿದ್ದು?" ಎಂದರು. ಲೋಹದ ಸ್ಟೆಂಟ್ ಸುತ್ತಮುತ್ತಲಿನ ಕಾಂತಕ್ಷೇತ್ರವನ್ನು ಕೆಡಿಸಿ ತಾನಿರುವ ಕಡೆ ಕತ್ತಲೆ ಮಾಡುತ್ತದೆ. ಇದು ವಿದ್ಯಾರ್ಥಿಗಳಿಗೆ ನಾನೇ ಹೇಳುವ ಮಾತು. ಬಾಗಿ ಪಾದದ ಮೇಲೆ ಬೆರಳಿಟ್ಟೆ. ಧಮನಿ ಸೊಗಸಾಗಿ ಬಡಿಯುತ್ತಿತ್ತು. ನೋವು ಬೆನ್ನುಮೂಳೆಯ ನರದ್ದು. ಅವರ ಎದುರಿಗೆ ಪಟ್ಟ ನಾಚಿಕೆ ಇನ್ನೂ ನೆನಪಿದೆ.

ಆದುದರಿಂದ ಕೇಳುವವರಿಗೆಲ್ಲ ನಾನು ಹೇಳುವ ಕ್ರಮ ಇದು. ಮೊದಲು ವೈದ್ಯನು ಪಾದ ಮುಟ್ಟಿ ನೋಡಲಿ. ಆಮೇಲೆ ಕಾಲಿನ ಹರಡಿನ ಬಳಿ ರಕ್ತದೊತ್ತಡ ಅಳೆದು ತೋಳಿನ ಒತ್ತಡದಿಂದ ಭಾಗಿಸಲಿ, 0.9ಕ್ಕಿಂತ ಕಡಮೆಯಾದರೆ ಕಾಲಿನ ನಾಳಕ್ಕೆ ರೋಗ ತಗಲಿದೆಯೆಂದರ್ಥ. ಸಕ್ಕರೆ ಕಾಯಿಲೆಯವರ ಗಟ್ಟಿ ನಾಳಗಳಲ್ಲಿ ಈ ಲೆಕ್ಕ ಸುಳ್ಳಾಗಿ ಹೆಚ್ಚು ತೋರುವುದುಂಟು. ಆಗ ಕಾಲಿನ ಬೆರಳಿನ ಒತ್ತಡ ನೋಡಬೇಕು. ಮುಂದೆ ಡಾಪ್ಲರ್. ನಡಿಗೆಯ ನೋವು ಮಾತ್ರವಿದ್ದವರಲ್ಲಿ ಬಹುಮಂದಿಗೆ ಬೀಡಿ ಸಿಗರೇಟು ಬಿಡುವುದು, ಮಾತ್ರೆ, ದಿನವೂ ನೋವು ಬರುವವರೆಗೆ ನಡೆಯುವ ಅಭ್ಯಾಸ ಇವೇ ಚಿಕಿತ್ಸೆ. ಅವರಿಗೆ ಈ ಎರಡು ಚಿತ್ರಗಳಲ್ಲಿ ಯಾವುದೂ ಬೇಡ. ನಿಪ್ಪಾಣಿಯ ತಂಬಾಕಿನಿಂದ ಹಿಡಿದು ಮಂಗಳೂರಿನ ಬೀಡಿ ಕಟ್ಟುವ ಮನೆಗಳವರೆಗೆ ನಮ್ಮ ನಾಡಿನಲ್ಲಿ ಎಷ್ಟೋ ಸಂಸಾರಗಳ ಅನ್ನ ಆ ಎಲೆಯಿಂದಲೇ ಬಂದಿದೆ. ಅದನ್ನು ಬಲ್ಲೆ. ಆದರೂ ಸೇದುವವನ ಕಾಲಿನ ಪಕ್ಷ ವಹಿಸುವುದು ನನ್ನ ಕಸುಬು. ನಾಳವನ್ನು ತೆರೆಯಲೇಬೇಕು ಅಥವಾ ಹೊಸ ದಾರಿ ಕಟ್ಟಲೇಬೇಕು ಎಂದಾದಾಗ ಚಿತ್ರ ಬೇಕು. ಯೋಜನೆ ಹಾಕಲು ಎಂ.ಆರ್. ಆದೀತು, ಸಿ.ಟಿ. ಆದೀತು, ಬಲೂನು ಹಾಕುವ ಹೊತ್ತಿಗೆ ಆಂಜಿಯೋಗ್ರಾಂ ಹೇಗೂ ಆಗಬೇಕು.

ಮಂಡ್ಯದ ಯಜಮಾನರ ಪ್ರಶ್ನೆಗೆ ಇನ್ನೂ ಉತ್ತರ ಹೇಳಿಲ್ಲ. ಅವರ ಮೂತ್ರಪಿಂಡ ಸೊರಗಿತ್ತು. ಆದುದರಿಂದ ಅಯೋಡಿನ್ನನ್ನು ಬಹಳ ಕಡಮೆ ಕೊಟ್ಟು ಆಂಜಿಯೋಗ್ರಾಂ ಮಾಡಿದ್ದೆವು. ಮಂಡಿಯವರೆಗೆ ದಾರಿ ತೆರೆದಿತ್ತು. ಕೆಳಗಿನ ಮೂರು ಕವಲೂ ಶುರುವಾದಲ್ಲಿಯೇ ನಿಂತಿದ್ದವು. ಪಾದದಲ್ಲಿ ಏನೂ ಇಲ್ಲ. ಹೊಸ ನಾಳ ಜೋಡಿಸೋಣವೆಂದರೆ ಕೆಳತುದಿಯನ್ನು ಸೇರಿಸಲು ಜಾಗವೇ ಇರಲಿಲ್ಲ. "ಮಂಡಿಯ ಕೆಳಗೆ" ಎಂದು ನಾನು ಹೇಳುವವನೇ ಇದ್ದೆ. ಅಷ್ಟರಲ್ಲಿ ನಮ್ಮ ಕಿರಿಯ ವೈದ್ಯೆ ಕೈಡಾಪ್ಲರನ್ನು ಪಾದದ ಮೇಲಿಟ್ಟು, "ಸಾರ್, ಇಲ್ಲಿ ಸಣ್ಣಗೆ ಕೇಳಿಸುತ್ತೆ" ಎಂದಳು. ಕಿವಿಗೊಟ್ಟೆ. ದೂರದಲ್ಲಿ ಯಾರೋ ಅಕ್ಕಿ ಕೇರುತ್ತಿರುವಂತೆ, ನಿಂತು ನಿಂತು ಒಂದು ಸದ್ದು.

ಔಷಧಿಯಿಲ್ಲದ ಪದ್ಧತಿಯಲ್ಲಿ ಕೆಳಗಾಲಿನ ಎಂ.ಆರ್. ಚಿತ್ರ ತೆಗೆಸಿದೆವು. ಯಜಮಾನರು ಹಲ್ಲು ಕಚ್ಚಿಕೊಂಡು ಅಲುಗದೆ ಮಲಗಿದ್ದರು. ಪಾದದ ಮೇಲ್ಭಾಗದಲ್ಲಿ ನೂಲಿನಷ್ಟು ಬೆಳ್ಳಗಿನ ಗೆರೆ ಮೂಡಿತು. ಎರಡು ದಿನ ಬಿಟ್ಟು ಅದೇ ಗೆರೆಯ ಮೇಲೆ ಚರ್ಮ ಬಿಡಿಸಿದಾಗ ನಾಳ ಅಲ್ಲಿಯೇ ಇತ್ತು, ಮೃದುವಾಗಿತ್ತು. ಅವರದೇ ತೊಡೆಯ ಸಿರೆಯೊಂದನ್ನು ತೆಗೆದು ಮಂಡಿಯ ಹಿಂದಿನಿಂದ ಪಾದದವರೆಗೆ ಹೊಸ ನಾಲೆ ಎಳೆದೆವು. ಹೆಬ್ಬೆರಳು ಹೋಯಿತು. ಉಳಿದದ್ದು ಮಾಯಲು ಮೂರು ತಿಂಗಳು ಹಿಡಿಯಿತು.

ವರ್ಷ ತುಂಬಿದ ಮೇಲೆ ತೋರಿಸಿಕೊಳ್ಳಲು ಮಗನ ಜೊತೆ ಬಂದಿದ್ದರು. ಕಾಲಿನಲ್ಲಿ ದಪ್ಪ ಅಟ್ಟೆಯ ಚಪ್ಪಲಿ; ಅಂಗಿಯ ಜೇಬಿನಲ್ಲಿ ಬೀಡಿಯ ಕಟ್ಟು ಇಲ್ಲದ್ದನ್ನು ಮಗನೇ ತೋರಿಸಿದ. ಹಳೆಯ ಚಿತ್ರಗಳೆರಡನ್ನೂ ದೀಪದ ಪೆಟ್ಟಿಗೆಗೆ ಸಿಕ್ಕಿಸಿ ಪಕ್ಕಪಕ್ಕದಲ್ಲಿ ತೋರಿಸಿದೆ. ಯಜಮಾನರು ಬಹಳ ಹೊತ್ತು ನೋಡಿದರು. ಆಮೇಲೆ ಮೊದಲನೆಯ ಚಿತ್ರದ ಕಡೆ ಕೈ ಮಾಡಿ, "ಇದ್ರಾಗೆ ನೀರು ಬಂದಿರ್ಲಿಲ್ಲ, ಅಷ್ಟೇಯ. ನಾಲೆ ಇತ್ತು" ಎಂದರು.